ಆರು ಅಂಕಿ, ಎರಡೇ ಕಂತೆ

ಪ್ರಶ್ನೆ: ಉದ್ದದ ಸಂಖ್ಯೆಯನ್ನು ತುಂಡು ತುಂಡಾಗಿ ಹೇಳಿಕೊಂಡರೆ ಬೇಗ ನೆನಪಿರುತ್ತದೆ. ಏಕೆ?
– ಓದುಗರು, ಶ್ರೀನಿವಾಸಪುರ

ಉತ್ತರ: ಆ ಹೊತ್ತಿಗೆ ಬೇಕಾದ್ದನ್ನು ಹಿಡಿದಿಡುವ ತಾತ್ಕಾಲಿಕ ನೆನಪಿನಲ್ಲಿ ಜಾಗ ಬಲು ಕಡಿಮೆ. ಅಲ್ಲಿ ಸುಮಾರು ಏಳು ಘಟಕ ಹಿಡಿಸುತ್ತವೆ ಎಂದು 1956ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಬರೆದರು. ಈಚಿನ ಅಂದಾಜು ನಾಲ್ಕರ ಆಸುಪಾಸು. ಆದರೆ ಲೆಕ್ಕಕ್ಕೆ ಬರುವುದು ಘಟಕ, ಬಿಡಿ ಅಂಕಿಯಲ್ಲ. ಬಿಡಿ ಟೊಮೆಟೊ ಕೈಯಲ್ಲಿ ನಾಲ್ಕೈದು ಹಿಡಿದರೆ ಹೆಚ್ಚು. ಕ್ರೇಟಿಗೆ ತುಂಬಿದರೆ ಅದೇ ಕೈ ಹತ್ತಾರು ಕಿಲೋ ಎತ್ತುತ್ತದೆ.

ಕ್ರೇಟು ಸಿಗುವುದು ಹಳೆಯ ನೆನಪಿನಿಂದ. 1972ರಲ್ಲಿ ಜಾರಿಗೆ ಬಂದ ಪಿನ್‌ಕೋಡ್ ನೋಡಿ: ಕೋಲಾರ 563101, ಮಾಲೂರು 563130, ಮುಳಬಾಗಿಲು 563131, ಶ್ರೀನಿವಾಸಪುರ 563135. ಮೊದಲ ಮೂರು ಅಂಕಿ ಅಂಚೆ ವಿಂಗಡಣಾ ಜಿಲ್ಲೆಯನ್ನು ಸೂಚಿಸುತ್ತವೆ. ಇಲ್ಲಿನವರಿಗೆ 563 ಎಂಬುದು ರೂಢಿಯಾದ ಒಂದೇ ಕಂತೆ. ಹೊಸದಾಗಿ ನೆನಪಿಡಬೇಕಾದದ್ದು ಕೊನೆಯ ಮೂರು ಮಾತ್ರ. ಹೊರಗಿನವರಿಗೋ, ಆರೂ ಅಂಕಿ ಬೇರೆ ಬೇರೆ.

ಹಾಗಾಗಿ ಎಲ್ಲೆಂದರಲ್ಲಿ ತುಂಡರಿಸುವುದಕ್ಕಿಂತ ಗುರುತು ಸಿಗುವ ಕಡೆ ತುಂಡರಿಸಿ. ಹೊಸ ಮೊಬೈಲ್ ನಂಬರಿನಲ್ಲಿ 1947 ಕಂಡರೆ ಅದನ್ನು ಸ್ವಾತಂತ್ರ್ಯದ ವರ್ಷವೆಂದು ಇಡಿಯಾಗಿ ಹಿಡಿಯಿರಿ. ನಾಲ್ಕು ಅಂಕಿಗೆ ಒಂದೇ ಜಾಗ ಸಾಕು.