ಗಲ್ಲಾಪೆಟ್ಟಿಗೆಯ ಬಳಿಯ ಬಣ್ಣದ ಚೆಂಡು

ಜಪಾನಿನ ಅನೇಕ ಅಂಗಡಿಗಳಲ್ಲಿ, ಗಲ್ಲಾಪೆಟ್ಟಿಗೆಯ ಬಳಿ ಕಿತ್ತಳೆವರ್ಣದ ಚೆಂಡುಗಳನ್ನು ಕಂಡವರು ಅವನ್ನು ಆಟಿಕೆಗಳೆಂದು ಭಾವಿಸುವುದು ಸಹಜ. ಆದರೆ ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾಗಿ, ತೆಳುವಾದ ಪ್ಲಾಸ್ಟಿಕ್ ಕವಚದೊಳಗೆ ಉಜ್ಜ್ವಲವರ್ಣದ ದ್ರವವನ್ನು ತುಂಬಿಕೊಂಡಿರುವ ಇವು, ಪಲಾಯನಗೈಯುವ ದರೋಡೆಕೋರನತ್ತ ಎಸೆಯಲೆಂದೇ ಸಿದ್ಧಪಡಿಸಿದ ಸಾಧನಗಳು.

ಓಡುವವನ ಬೆನ್ನಿಗೆ ಗುರಿಯಿಡುವುದು ದುಸ್ಸಾಧ್ಯವಾದುದರಿಂದ, ಅವನ ಕಾಲಬುಡದ ನೆಲಕ್ಕೆ ಎಸೆಯಬೇಕೆಂದು ನೌಕರರಿಗೆ ಕಲಿಸುತ್ತಾರೆ. ಚೆಂಡು ಒಡೆದು, ಬಣ್ಣ ಚಿಮ್ಮಿ, ಷರಾಯಿಗೂ ಪಾದರಕ್ಷೆಗೂ ಸುಲಭವಾಗಿ ತೊಳೆದುಹೋಗದಂತೆ ಅಂಟುತ್ತದೆ. ಅವನೇರಿದ ವಾಹನಕ್ಕೆ ತಗುಲಿದರೂ ಪೊಲೀಸರಿಗೆ ಅದೊಂದು ಕುರುಹು.

ಎಲ್ಲರ ಕಣ್ಣಿಗೆ ಬೀಳುವಂತೆ ಅವನ್ನು ಇರಿಸುವುದೂ ದುಷ್ಕರ್ಮಿಗೆ ಮುನ್ನೆಚ್ಚರಿಕೆ ನೀಡಲೆಂದೇ. ಗಲ್ಲಾದ ಹಣಕ್ಕಿಂತ ನೌಕರನ ಪ್ರಾಣ ಸಾವಿರ ಪಾಲು ಮಿಗಿಲಾದುದರಿಂದ, ಕಳ್ಳನೊಡನೆ ಸೆಣಸದೆ, ದೂರದಿಂದಲೇ ಅವನನ್ನು ಗುರುತಿಸಲು ಅವಕಾಶವೀಯುವ ಈ ಉಪಾಯವು ನಿಶ್ಚಯವಾಗಿಯೂ ಶ್ಲಾಘನೀಯವಾದುದು.