ಮಾತಿನ ಮೋಡಿಗೆ ಮಾತ್ರೆ ಬಿಡಬೇಡಿ



ಕರೋಲ್ ಬಾಗ್‌ನ ನಮ್ಮ ಕನ್ನಡದ ಮನೆಗಳಿಗೆ ದಸರಾ ರಜೆಗೋ, ಮಗಳ ಬಾಣಂತನಕ್ಕೋ ಊರಿಂದ ಹಿರಿಯರು ಬರುತ್ತಾರೆ. ಇಲ್ಲಿನ ಡಾಕ್ಟರು ಮಾತಾಡುವುದು ಹಿಂದಿಯಲ್ಲಿ, ಅದೂ ಐದು ನಿಮಿಷ. ಮೊಬೈಲಿಗೆ ಬರುವ ಸಂದೇಶ ಮಾತ್ರ ಅಚ್ಚ ಕನ್ನಡದಲ್ಲಿರುತ್ತದೆ: “ಶುಗರ್ ಮಾತ್ರೆ ಬಿಟ್ಟುಬಿಡಿ, ಈ ಪುಡಿ 21 ದಿನ ತಗೊಳ್ಳಿ.” ನಮ್ಮ ಭಾಷೆಯಲ್ಲಿ ಹೇಳಿದವರು ನಮ್ಮವರೇ ಅನ್ನಿಸುವುದು ಸಹಜ. ಮೋಡಿ ಶುರುವಾಗುವುದೇ ಅಲ್ಲಿಂದ.

ಮಾತು ಮನಸ್ಸನ್ನು ಒಲಿಸುವ ಮೂರು ದಾರಿಗಳನ್ನು ಗ್ರೀಸ್ ದೇಶದ ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆಯೇ ಗುರುತಿಸಿದ್ದ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಇವು ಕೆಟ್ಟವಲ್ಲ. ಒಳ್ಳೆಯ ಡಾಕ್ಟರೂ ಇವನ್ನೇ ಬಳಸುತ್ತಾರೆ. ಮಾತಿನ ಹಿಂದೆ ಆಧಾರ ಇದೆಯೇ ಎಂಬುದಷ್ಟೇ ಪ್ರಶ್ನೆ.

*1. ನಂಬಿಕೆ*

“ಏಮ್ಸ್‌ನ ದೊಡ್ಡ ಡಾಕ್ಟರ್ ಹೇಳಿದ್ದು” ಎಂದಿರುತ್ತದೆ. ಯಾವ ಡಾಕ್ಟರ್? ಯಾವ ವಿಭಾಗ? ಎಲ್ಲಿ, ಯಾವಾಗ ಹೇಳಿದ್ದು? ಉತ್ತರ ಇರುವುದಿಲ್ಲ. ಇನ್ನು ಕೆಲವು “ಋಷಿಗಳ 5000 ವರ್ಷದ ಗುಟ್ಟು” ಎನ್ನುತ್ತವೆ. ಹಳೆಯದು ಎಂದ ಮಾತ್ರಕ್ಕೆ ಪರೀಕ್ಷೆಯಾದದ್ದು ಎಂದಲ್ಲ.

ನೀವು ತರಕಾರಿಗೆ, ಬಟ್ಟೆಗೆ ಹೋಗುವ ಅಜ್ಮಲ್ ಖಾನ್ ರೋಡ್ ಇದೆಯಲ್ಲ, ಅದು ಹೆಸರಾಂತ ಯುನಾನಿ ವೈದ್ಯ ಹಕೀಮ್ ಅಜ್ಮಲ್ ಖಾನರ ಹೆಸರಿನದು. ಅವರು ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜು ಇಲ್ಲೇ ಕರೋಲ್ ಬಾಗ್‌ನಲ್ಲಿದೆ. 1921ರ ಫೆಬ್ರವರಿ 13ರಂದು ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಪಾಶ್ಚಾತ್ಯ ಆಸ್ಪತ್ರೆಗಳನ್ನು ಕಟುವಾಗಿ ಟೀಕಿಸುತ್ತಿದ್ದ ಅವರು, ಅಂದು ವಿಜ್ಞಾನಿಗಳ ಸಂಶೋಧನಾ ಮನೋಭಾವವನ್ನು ಹೊಗಳಿ, ನಮ್ಮ ವೈದ್ಯರು, ಹಕೀಮರು ಪ್ರಶ್ನೆ ಮಾಡದೆ ಹಳೆಯ ಸೂತ್ರಗಳನ್ನೇ ಅನುಸರಿಸುತ್ತಾರೆ ಎಂದು ಕೊರಗಿದರು. ನಾಟಿ ವೈದ್ಯಕ್ಕೆ ಗೌರವ ಕೊಡಬೇಕು, ಪ್ರಶ್ನೆಯನ್ನೂ ಕೇಳಬೇಕು. ಎರಡೂ ಒಟ್ಟಿಗೆ ಇರಬಹುದು.

*2. ಭಾವನೆ*

“ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತೆ” ಎಂದು ಮೊದಲು ಹೆದರಿಸುತ್ತಾರೆ. ನಿಜಕ್ಕೂ ಕಿಡ್ನಿ ಕೆಡಲು ದೊಡ್ಡ ಕಾರಣಗಳು ಹತೋಟಿಯಲ್ಲಿಲ್ಲದ ಶುಗರ್ ಮತ್ತು ಬಿಪಿ. ಡಾಕ್ಟರ್ ಕೊಟ್ಟ ಮಾತ್ರೆ ಇರುವುದು ಅದನ್ನು ತಡೆಯಲು. ಕಿಡ್ನಿ ಬಗ್ಗೆ ಅನುಮಾನವಿದ್ದರೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಬಿಡಬೇಡಿ.

ಕೊನೆಗೆ “ಅಪ್ಪ ಅಮ್ಮನ ಮೇಲೆ ಪ್ರೀತಿ ಇದ್ದರೆ 10 ಜನಕ್ಕೆ ಕಳಿಸಿ” ಎಂದಿರುತ್ತದೆ. ಹೆತ್ತವರನ್ನು ಊರಲ್ಲಿ ಬಿಟ್ಟು ಬಂದ ನಮಗೆ ಈ ಮಾತು ಚುಚ್ಚುತ್ತದೆ. ಓದದೆಯೇ ಕಳಿಸಿಬಿಡುತ್ತೇವೆ.

*3. ತರ್ಕ*

“ನಮ್ಮ ಪಕ್ಕದ ಮನೆಯವರಿಗೆ ವಾಸಿಯಾಯ್ತು!” ಆಗಿರಬಹುದು. ಆದರೆ ಪುಡಿಯಿಂದಲೇ ಆಯಿತೇ? ಮಂಡಿನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನೋವು ತೀರಾ ಹೆಚ್ಚಿದಾಗ ಪುಡಿ ತಗೊಂಡರೆ, ಅದು ಇಳಿದಾಗ ಹೆಸರು ಪುಡಿಗೆ. ಶುಗರ್ ಪುಡಿಯ ಜೊತೆ “ಅನ್ನ ಕಮ್ಮಿ ಮಾಡಿ, ದಿನಾ ನಡೆಯಿರಿ” ಎಂದೂ ಬರೆದಿರುತ್ತದೆ. ಅಷ್ಟರಿಂದಲೇ ಶುಗರ್ ಸ್ವಲ್ಪ ಇಳಿಯುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದ ಅಂಕಿ ಸಾಲದು. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ನೋಡಿ.

*4. ಅಲಂಕಾರ*

ಶಾಲೆಯಲ್ಲಿ ಓದಿದ ಅತಿಶಯೋಕ್ತಿ ನೆನಪಿದೆಯೇ? “ಬುಡಸಮೇತ ವಾಸಿ”, “100% ಗ್ಯಾರಂಟಿ” ಅದೇ. “ಡಾಕ್ಟರುಗಳು ಇದನ್ನು ಯಾಕೆ ಮುಚ್ಚಿಡುತ್ತಾರೆ?” ಎಂಬುದು ಉತ್ತರ ಬೇಡದ ಪ್ರಶ್ನೆ. ಮುಚ್ಚಿಟ್ಟಿದ್ದಾರೆ ಎಂಬುದನ್ನು ತೋರಿಸದೆಯೇ ನಮ್ಮಿಂದ ಒಪ್ಪಿಸಿಬಿಡುತ್ತದೆ. ಕಾವ್ಯದಲ್ಲಿ ಇವು ಸೊಗಸು, ಔಷಧದ ವಿಷಯದಲ್ಲಿ ಅಪಾಯ.

*ಕಾನೂನು ಏನು ಹೇಳುತ್ತದೆ?*

ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಸಮೀಪಿಸುವಾಗ ಹಳಿ ಪಕ್ಕದ ಗೋಡೆಗಳ ಮೇಲೆ “ಗ್ಯಾರಂಟಿ ಇಲಾಜ್” ಬರಹಗಳನ್ನು ನೀವೂ ನೋಡಿರಬಹುದು. ಇಂಥವನ್ನು ತಡೆಯಲೆಂದೇ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ 54 ಕಾಯಿಲೆಗಳಿವೆ. ಸಕ್ಕರೆ ಕಾಯಿಲೆ, ಬಿಪಿ, ಹೃದ್ರೋಗ, ಕ್ಯಾನ್ಸರ್, ಪಾರ್ಶ್ವವಾಯು, ಕಿಡ್ನಿ ಕಲ್ಲು, ಬೊಜ್ಜು ಎಲ್ಲವೂ ಅದರಲ್ಲಿ ಸೇರಿವೆ. ಇವನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅಂದರೆ “ಶುಗರ್ ವಾಸಿ ಗ್ಯಾರಂಟಿ” ಎಂಬ ಸಾಲೇ ನಿಮಗೆ ಎಚ್ಚರಿಕೆಯ ಗಂಟೆ.

*ಮನೆಯಲ್ಲಿ ಏನು ಮಾಡಬೇಕು?*

✅ ಸಂದೇಶದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕೈಯಿಂದ ಕೈಗೆ ಐದಕ್ಕಿಂತ ಕಡಿಮೆಯಿಲ್ಲದಷ್ಟು ಸಲ ದಾಟಿ ಬಂದದ್ದು. ಕಳಿಸಿದ ಚಿಕ್ಕಪ್ಪ ಒಳ್ಳೆಯವರೇ, ಆದರೆ ಬರೆದವರು ಅವರಲ್ಲ.

✅ ಇನ್ಸುಲಿನ್, ಶುಗರ್, ಬಿಪಿ, ಫಿಟ್ಸ್, ಥೈರಾಯ್ಡ್ ಔಷಧಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇನ್ಸುಲಿನ್ ನಿಲ್ಲಿಸಿದವರಿಗೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಮಂಪರು ಬಂದರೆ ಕಾಯಬೇಡಿ. 112ಕ್ಕೆ ಕರೆ ಮಾಡಿ ಅಥವಾ ಕೂಡಲೇ ಆಸ್ಪತ್ರೆಗೆ ಹೋಗಿ.

✅ ಪುಡಿಯನ್ನು ಈಗಾಗಲೇ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಪೊಟ್ಟಣವನ್ನೇ ಡಾಕ್ಟರಿಗೆ ತೋರಿಸಿ. ಕೆಲವು ನೋವಿನ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದೆ.

✅ ಹಿರಿಯರನ್ನು ಗೇಲಿ ಮಾಡಬೇಡಿ. “ಇದೆಲ್ಲ ಸುಳ್ಳು, ನಿಮಗೆ ಗೊತ್ತಾಗಲ್ಲ” ಎಂದರೆ ಅವರು ಗುಟ್ಟಾಗಿ ತಗೊಳ್ಳುತ್ತಾರೆ. “ಮಾವ, ಈ ಪುಡಿ ಬಗ್ಗೆ ಡಾಕ್ಟರ್ ಹತ್ರ ಕೇಳೋಣ, ಅಲ್ಲಿವರೆಗೂ ಮಾತ್ರೆ ಬಿಡಬೇಡಿ” ಎನ್ನಿ.

✅ ಡಾಕ್ಟರ ಬಳಿ ಜೊತೆಗೆ ಹೋಗಿ. ಅವರು ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ, ನಿಧಾನವಾಗಿ, ಎರಡು ಸಲ ಹೇಳಿ. ಯಾವ ಮಾತ್ರೆ ಯಾಕೆ ಎಂದು ಚೀಟಿಯಲ್ಲಿ ದಪ್ಪಕ್ಷರದ ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಆ ಸಂದೇಶಕ್ಕೆ ಇದ್ದ ದೊಡ್ಡ ಬಲ ನಮ್ಮ ಭಾಷೆ. ಅದು ನಿಮ್ಮ ಬಾಯಲ್ಲೂ ಇದೆ.

ಈ ಲೇಖನವೂ ಮೊಬೈಲಿಗೆ ಬಂದದ್ದೇ. ಇದನ್ನೂ ಹೀಗೇ ಪ್ರಶ್ನಿಸಿ, ನಿಮ್ಮ ಡಾಕ್ಟರನ್ನು ಕೇಳಿ. ಸರಿ ಅನ್ನಿಸಿದರೆ ಹತ್ತು ಜನಕ್ಕೆ ಕಳಿಸುವುದು ಬೇಡ, ಮನೆಯ ಹಿರಿಯರ ಪಕ್ಕ ಕೂತು ಓದಿ ಹೇಳಿ.

ಆರೋಗ್ಯವೇ ಭಾಗ್ಯ 🌿