ಕಣ್ಣಿಲ್ಲದ ಸ್ಯಾಮ್ಸನ್

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಹಳೆಯ ಚರ್ಚುಗಳ ಕ್ರಿಸ್‌ಮಸ್ ಗಾಯನದಿಂದ ಹ್ಯಾಂಡೆಲನ ಹೆಸರು ನಮ್ಮಲ್ಲಿ ಕೆಲವರಿಗಾದರೂ ಪರಿಚಿತ. ಆತನ ಆರಟೋರಿಯೊಗಳ ಬಗೆಯನ್ನು ತಿಳಿಯಲು ನಮ್ಮ ತಾಳಮದ್ದಲೆಯನ್ನು ನೆನೆದರೆ ಸಾಕು. ಯಕ್ಷಗಾನದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ತಾಳಮದ್ದಲೆ. ಆಪೆರಾದಿಂದ ವೇಷವನ್ನೂ ಅಭಿನಯವನ್ನೂ ಕಳೆದರೆ ಆರಟೋರಿಯೊ. ಅದನ್ನು ಮರಳಿ ರಂಗಕ್ಕೇರಿಸಿದಾಗ ಗಾಯಕನು ಮಾಡಬೇಕಾದುದೇನು?

1743ರ ‘ಸ್ಯಾಮ್ಸನ್’ ಇದಕ್ಕೆ ಒಳ್ಳೆಯ ನಿದರ್ಶನ. ಮಿಲ್ಟನ್ನನ ನಾಟಕಕಾವ್ಯವೇ ಅದರ ಮೂಲ. ಅಂದಿನ ಇಟಾಲಿಯನ್ ಆಪೆರಾಗಳಲ್ಲಿ ವೀರನ ಪಾತ್ರವು ಬಹುಮಟ್ಟಿಗೆ ಹೆಣ್ಣುದನಿಯಷ್ಟು ಎತ್ತರದ ಕಂಠಗಳಿಗೆ ಮೀಸಲು. ಹ್ಯಾಂಡೆಲ್ ಅದನ್ನಿಲ್ಲಿ ಜಾನ್ ಬಿಯರ್ಡ್ ಎಂಬ ಟೆನರ್‌ಗೆ, ಎಂದರೆ ಸಹಜ ಗಂಡುದನಿಯ ಮೇಲುಸ್ಥಾಯಿಯ ಗಾಯಕನಿಗೆ ವಹಿಸಿದ.

ಕೆನಡಾದ ಟೆನರ್ ಜಾನ್ ವಿಕರ್ಸ್ ಈ ಪಾತ್ರವನ್ನು ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ 1958ರಲ್ಲಿ ರಂಗದ ಮೇಲೆ ಹಾಡಿದರು. ಹ್ಯಾಂಡೆಲನ ತ್ರಿಶತಮಾನೋತ್ಸವದ 1985ರಲ್ಲಿ ಮತ್ತೊಮ್ಮೆ. ಸ್ಯಾಮ್ಸನ್ ಕಣ್ಣು ಕಳೆದುಕೊಂಡ ಸೆರೆಯಾಳು. ಕಣ್ಣಿನ ಅಭಿನಯ ನಟನಿಗೆ ನಿಷಿದ್ಧ. ಗ್ರಹಣವನ್ನು ಕುರಿತ ಹಾಡಿನಲ್ಲಿ ವಾದ್ಯಗಳು ಆಗಾಗ ಸುಮ್ಮನಾಗಿ, ಕಂಠವೊಂದೇ ಉಳಿಯುತ್ತದೆ. ಆ ಒಂಟಿ ದನಿಯಲ್ಲೇ ಕತ್ತಲೆಯಿದೆ. ಅಲ್ಲಿ ಕೈಚಾಚಿ ತಡಕಾಡಿದರೆ ಕತ್ತಲೆ ತೆಳುವಾದೀತು. ಕೊನೆಗೆ ದೇಗುಲ ಕುಸಿಯುವುದೂ ನೇಪಥ್ಯದಲ್ಲಿಯೇ. ಪ್ರೇಕ್ಷಕನಿಗೆ ಕೇಳುವುದು ಸದ್ದು ಮಾತ್ರ.

ಮಿಲ್ಟನ್ ಕುರುಡನಾಗಿದ್ದ, ‘ಸ್ಯಾಮ್ಸನ್’ ಹಾಡಿದ ಹತ್ತು ವರ್ಷಗಳಲ್ಲಿ ಹ್ಯಾಂಡೆಲನೂ ದೃಷ್ಟಿ ಕಳೆದುಕೊಂಡ. ಕಾಣದುದನ್ನು ಕೇಳಿಸುವುದೇ ಈ ಕೃತಿಯ ಸತ್ವ. ತಾಳಮದ್ದಲೆಯ ಅರ್ಥಧಾರಿ ಕುಳಿತಲ್ಲಿಂದಲೇ ಕುರುಕ್ಷೇತ್ರವನ್ನು ಕಾಣಿಸುತ್ತಾನಷ್ಟೆ. ಆ ಸಂಯಮ ಬಲ್ಲ ಟೆನರ್‌ಗೆ ರಂಗ ಒದಗಿ ಬರುತ್ತದೆ. ಅರಿಯದವನಿಗೆ ಅದೇ ಅಡ್ಡಿಯಾಗುತ್ತದೆ.